ಮನೆಯಿಂದ ಶಾಲೆವರೆಗಿನ ದಾರಿ: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಕಬ್ಬು ಕಟಾವು, ಒಕ್ಕಣೆ ಎಲ್ಲ ಒಟ್ಟಿಗೇ ಬಂದಿದೆ, ಯಾರಿಗೂ ಪುರುಸೊತ್ತಿಲ್ಲ ಅಂತ ಗೊತ್ತು. ಆದರೂ ಈ ಪತ್ರವನ್ನು ಪೂರ್ತಿ ಓದಿ. ಮನೆಯಲ್ಲಿರುವ ಅಜ್ಜ ಅಜ್ಜಿಯರಿಗೆ ಮಕ್ಕಳ ಕೈಲಿ ಓದಿಸಿ. ವಿಷಯ ಅವರದ್ದೂ ಹೌದು.

ಏಳನೇ ತರಗತಿಯ ಮಕ್ಕಳು ಟೇಪು ಹಿಡಿದು ಊರೊಳಗೆ ಓಡಾಡಿದ್ದನ್ನು ನೀವೆಲ್ಲ ನೋಡಿದ್ದೀರಿ. 'ಏನು ಮೇಷ್ಟ್ರೇ, ರಸ್ತೆ ಅಗಲ ಮಾಡ್ತಾರಾ?' ಅಂತ ಕೆಲವರು ಗಾಬರಿಯಿಂದಲೇ ಕೇಳಿದಿರಿ. ಯಾರ ಜಾಗವೂ ಹೋಗುವುದಿಲ್ಲ, ಸಮಾಧಾನ ಮಾಡಿಕೊಳ್ಳಿ. ಅದು ಅನುಪಾತದ ಪಾಠ. ಮಾರಮ್ಮನ ಗುಡಿಯಿಂದ ಶಾಲೆ ಗೇಟಿನವರೆಗೆ ಗಾಲಿಕುರ್ಚಿಯಲ್ಲಿ ಬರುವವರು, ಕೋಲೂರಿ ನಡೆಯುವವರು, ಕಣ್ಣು ಕಾಣದವರು ಎಲ್ಲೆಲ್ಲಿ ನಿಲ್ಲಬೇಕಾಗುತ್ತೆ ಎಂದು ಮಕ್ಕಳು ಬರೆದುಕೊಂಡು ಬಂದರು.

ಆ ಪಟ್ಟಿ ನೋಡಿದರೆ ಪಂಚಾಯಿತಿ ಮಾಡಬೇಕಾದ ಕೆಲಸ ಒಂದಷ್ಟಿದೆ, ನಿಜ. ಆದರೆ ದಾರಿಗೆ ಅಡ್ಡ ಇರುವುದು ಜಾಸ್ತಿ ನಮ್ಮ ಸಾಮಾನುಗಳೇ. ಬೀದಿಗೆ ಚಾಚಿದ ಮೆಟ್ಟಿಲು, ರಸ್ತೆ ಅಂಚಿನಲ್ಲಿ ದನ ಕಟ್ಟುವ ಗೂಟ, ಗೃಹಪ್ರವೇಶ ಆಗಿ ವರ್ಷ ಕಳೆದರೂ ಎತ್ತದ ಜಲ್ಲಿ ರಾಶಿ, ತಿರುವಿನಲ್ಲೇ ನಿಂತ ಟ್ರ್ಯಾಕ್ಟರ್ ಟ್ರೇಲರ್. ಈಗಂತೂ ಟಾರು ರಸ್ತೆ ಮೇಲೆ ರಾಗಿ ತೆನೆ ಹರಡಿದ್ದೇವೆ. ಬೈಕಿನವರು ಹೇಗೋ ಕಾಲು ಕೊಟ್ಟುಕೊಂಡು ದಾಟುತ್ತಾರೆ. ಗಾಲಿಕುರ್ಚಿಯ ಚಕ್ರಕ್ಕೆ ಹುಲ್ಲು ಸುತ್ತಿಕೊಂಡರೆ ಅಲ್ಲಿಗೆ ಮುಗೀತು.

ನಾಲ್ಕನೇ ತರಗತಿಯ ಒಬ್ಬ ಹುಡುಗಿ ಗಾಲಿಕುರ್ಚಿಯಲ್ಲಿ ಶಾಲೆಗೆ ಬರುತ್ತಾಳೆ. ಹೆಸರು ಬರೆಯುವುದಿಲ್ಲ, ಊರಿಗೆಲ್ಲ ಗೊತ್ತು. ಅವಳ ತಾಯಿಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಡೈರಿ ಹತ್ತಿರ ಮೋರಿ ಮೇಲಿನ ಚಪ್ಪಡಿ ಒಡೆದು ಹೋಗಿದೆ. ಅಲ್ಲಿ ಆ ತಾಯಿ ಮಗಳನ್ನು ಎತ್ತಿಕೊಂಡು ದಾಟುತ್ತಾರೆ. ಆಚೆ ಕಡೆ ಕೂರಿಸಿ, ವಾಪಸ್ ಬಂದು ಕುರ್ಚಿ ಎತ್ತಿಕೊಂಡು ಹೋಗುತ್ತಾರೆ. ಹುಡುಗಿ ಬೆಳೀತಾ ಇದ್ದಾಳೆ. ಆರನೇ ತರಗತಿಗೆ ಬರುವ ಹೊತ್ತಿಗೆ ಎತ್ತಲು ಆಗುತ್ತಾ? ಒಂದು ಚಪ್ಪಡಿ ಕಲ್ಲಿಲ್ಲದೆ ಒಂದು ಮಗುವಿನ ಓದು ನಿಲ್ಲುವ ಹಾಗಿದೆ ನಮ್ಮೂರಲ್ಲಿ.

ಇನ್ನೊಂದು ವಿಷಯ ಬಿಸಿಯೂಟದ ಅಕ್ಕ ಹೇಳಿದ ಮೇಲೆ ತಿಳಿಯಿತು. ಆ ಮಗು ಶಾಲೆಯಲ್ಲಿ ನೀರೇ ಕುಡಿಯುವುದಿಲ್ಲ. ಕುಡಿದರೆ ಶೌಚಾಲಯಕ್ಕೆ ಹೋಗಬೇಕಲ್ಲ! ಬಾಗಿಲು ಕಿರಿದು, ಕುರ್ಚಿ ಒಳಗೆ ಹೋಗುವುದಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನು ಇಟ್ಟಾಗ ಯಾರೂ ಎರಡನೇ ಮಾತಾಡಲಿಲ್ಲ. ಬಾಗಿಲು ಮೂರಡಿ ಅಗಲ ಆಗಬೇಕು, ಹೊರಕ್ಕೆ ತೆರೆಯಬೇಕು. ಒಳಗೆ ಕುರ್ಚಿ ತಿರುಗಿಸಲು ಐದಡಿ ಜಾಗ ಬೇಕು, ಗೋಡೆಗೆ ಹಿಡಿದುಕೊಳ್ಳುವ ಕಂಬಿ ಬೇಕು. ಕೆಲಸ ಶುರುವಾಗಿದೆ. ಗಾರೆ ಕೆಲಸ ಬಲ್ಲ ಪೋಷಕರು ಬಂದು ಒಮ್ಮೆ ನೋಡಿ ಹೋದರೆ ಉಪಕಾರ.

ಶಾಲೆಯ ರ‍್ಯಾಂಪ್ ವಿಷಯವೂ ಹೇಳಿಬಿಡುತ್ತೇನೆ. ಪ್ರತಿ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ನಮ್ಮ ಜಗುಲಿ ಒಂದೂವರೆ ಅಡಿ ಎತ್ತರ, ಅಂದರೆ 18 ಅಡಿ. ಇರುವುದು ಆರೇ ಅಡಿ. ಮಕ್ಕಳು ಅದನ್ನು ಜಾರುಬಂಡಿ ಮಾಡಿಕೊಂಡಿದ್ದಾರೆ. ಅವರನ್ನು ಬೈದು ಫಲವಿಲ್ಲ, ಅದು ಇರೋದೇ ಹಾಗೆ. ಅದನ್ನು ಒಡೆದು, ಮಧ್ಯೆ ಸಮತಟ್ಟಾದ ತಿರುವು ಕೊಟ್ಟು ಹೊಸದಾಗಿ ಕಟ್ಟಿಸುತ್ತೇವೆ. ಪೋಷಕರೊಬ್ಬರು ಅದಕ್ಕೆ ಹೊಳೆಯುವ ಟೈಲ್ಸ್ ಹಾಕಿಸಿಕೊಡಲು ಮುಂದೆ ಬಂದಿದ್ದಾರೆ. ಅವರ ಮನಸ್ಸು ದೊಡ್ಡದು. ಆದರೆ ಟೈಲ್ಸ್ ಬೇಡ, ಮಳೆ ಹನಿ ಬಿದ್ದರೆ ಕಾಲಿದ್ದವರೂ ಜಾರುತ್ತಾರೆ. ಒರಟು ಸಿಮೆಂಟೇ ಸಾಕು. ಆ ದುಡ್ಡಿಗೆ ಎರಡೂ ಕಡೆ ಕಂಬಿ ಹಾಕಿಸಿಕೊಡಿ ಅಂತ ಕೇಳಿಕೊಂಡಿದ್ದೇನೆ.

ಕಣ್ಣು ಕಾಣದ ನಮ್ಮೂರಿನ ಹಿರಿಯರೊಬ್ಬರು ದಿನಾ ಹಾಲು ಹಾಕಲು ಒಬ್ಬರೇ ಡೈರಿಗೆ ಹೋಗುತ್ತಾರೆ. ಹೆಜ್ಜೆ ಎಣಿಸಿ ನಡೆಯುತ್ತೇನೆ ಅಂತ ಮಕ್ಕಳಿಗೆ ಹೇಳಿದರಂತೆ. ಯಾರಾದರೂ ಒಂದು ದಿನ ಬೈಕು ಅಡ್ಡ ನಿಲ್ಲಿಸಿದರೆ ಅವರ ಲೆಕ್ಕವೆಲ್ಲ ತಪ್ಪುತ್ತೆ. ಬೆಂಗಳೂರಿನ ಮೆಟ್ರೊ ನಿಲ್ದಾಣದಲ್ಲಿ ನೆಲಕ್ಕೆ ಹಾಸಿದ ಹಳದಿ ಉಬ್ಬು ಬಿಲ್ಲೆಗಳನ್ನು ನೀವು ನೋಡಿರಬಹುದು. ಉದ್ದ ಗೆರೆ ಇದ್ದರೆ ಮುಂದೆ ನಡೆ, ಚುಕ್ಕಿ ಇದ್ದರೆ ಹುಷಾರು ಅಂತ ಅರ್ಥ. ಜಪಾನಿನ ಸೆಯಿಚಿ ಮಿಯಾಕೆ ಎಂಬುವರು ಇದನ್ನು ಕಂಡುಹಿಡಿದರು. 1967ರಲ್ಲಿ ಒಕಯಾಮ ಊರಿನ ರಸ್ತೆಯಲ್ಲಿ ಮೊದಲ ಸಲ ಹಾಕಿದರು. ಅಂಥದ್ದನ್ನು ಹಾಸುವಷ್ಟು ಹಣ ನಮ್ಮ ಹತ್ತಿರ ಇಲ್ಲ. ಮಂದ ದೃಷ್ಟಿಯವರಿಗೆ ಕಾಣುವಂತೆ ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ ಬಳಿಯಬಹುದು, ಅಷ್ಟೆ. ಬರುವ ಶನಿವಾರ ಮಕ್ಕಳು ಬಣ್ಣದ ಡಬ್ಬಿ ಹಿಡಿದು ಬರುತ್ತಾರೆ. ನ್ಯಾಯಬೆಲೆ ಅಂಗಡಿ, ಗುಡಿ, ಡೈರಿ ಮೆಟ್ಟಿಲಿಗೆ ಒಪ್ಪಿಗೆ ಸಿಕ್ಕಿದೆ. ನಿಮ್ಮ ಮನೆ ಮೆಟ್ಟಿಲಿಗೂ ಬೇಕಿದ್ದರೆ ಹೇಳಿ. ವಾಸ್ತು ಕೇಳಿ ಹೇಳ್ತೀನಿ ಅನ್ನಬೇಡಿ!

ಇನ್ನು ಗ್ರಾಮಸಭೆ. ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು ಎಂಬ ನಿಯಮವಿದೆ. ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಯಂದು ಶಾಲು ಹೊದಿಸಿ ಫೋಟೋ ತೆಗೆಸಿಕೊಂಡರೆ ಆ ಹಣದ ಕೆಲಸ ಆದಂತಲ್ಲ. ಡೈರಿ ಹತ್ತಿರದ ಚಪ್ಪಡಿ, ನ್ಯಾಯಬೆಲೆ ಅಂಗಡಿಗೆ ಒಂದು ಇಳಿಜಾರು, ಈ ಎರಡನ್ನು ಮೊದಲು ಕೇಳೋಣ. ಹೆಬ್ಬೆಟ್ಟು ಒತ್ತಲು ಮೆಟ್ಟಿಲು ಹತ್ತಲಾಗದೆ ಕೆಳಗೆ ಕಾಯುವ ಅಜ್ಜಿಯರು ಎಷ್ಟು ಜನ ಇದ್ದಾರೆ, ನೋಡಿದ್ದೀರಲ್ಲ. ನಾನು ಶಾಲೆಯ ಪರವಾಗಿ ಅರ್ಜಿ ಬರೆದಿದ್ದೇನೆ. ಮೇಷ್ಟ್ರು ಒಬ್ಬರೇ ಕೇಳಿದರೆ 'ನೋಡೋಣ' ಅಂತಾರೆ. ಸಭೆಯಲ್ಲಿ ನೀವು ಕೂತಿದ್ದರೆ ನಡವಳಿ ಪುಸ್ತಕಕ್ಕೆ ಏರುತ್ತೆ.

ಕೊಂಚ ಕಷ್ಟದ ಮಾತು ಈಗ. ಊರಲ್ಲಿ ಮನೆಯೊಳಗೇ ಉಳಿದಿರುವ ಮಕ್ಕಳಿದ್ದಾರೆ. ಅಕ್ಕ ತಂಗಿಯರಿಗೆ ನಾಳೆ ಗಂಡು ಹುಡುಕುವಾಗ ತೊಂದರೆ ಆಗುತ್ತೆ ಅನ್ನುವ ಭಯ ನನಗೆ ಅರ್ಥವಾಗುತ್ತೆ. ಆದರೂ ಒಪ್ಪಲಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, ಹಳೆಯ 1995ರ ಕಾಯ್ದೆಯಲ್ಲಿ ಏಳೇ ಇದ್ದವು. ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ. ಇದಕ್ಕೆ ಯಾರ ದಾಕ್ಷಿಣ್ಯವೂ ಬೇಕಿಲ್ಲ, ನನ್ನದೂ ಸೇರಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲದಿದ್ದರೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯು ಅರ್ಜಿ ಹಾಕಲು ಸಹಾಯ ಮಾಡುತ್ತಾರೆ. ಅವರನ್ನು ಕೇಳಲು ಮುಜುಗರವಾದರೆ ಸಂಜೆ ನಾಲ್ಕೂವರೆ ಮೇಲೆ ನನ್ನ ಹತ್ತಿರ ಬನ್ನಿ. ಮಾತು ಹೊರಗೆ ಹೋಗುವುದಿಲ್ಲ.

ಕರೆದರೆ ತಿರುಗಿ ನೋಡದ ಮಗುವನ್ನು 'ಹಠಮಾರಿ' ಅಂತ ಸುಮ್ನೆ ಬಿಡಬೇಡಿ, ಕಿವಿ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೂರದ ರಾಜ್ಯಗಳಿಂದ ಅಲ್ಲಿಗೆ ಬರುತ್ತಾರೆ, ನಮಗೆ ಬಸ್ಸು ಹತ್ತಿದರೆ ಆಯಿತು.

ಕೊನೆಗೆ ಪ್ರವಾಸದ ವಿಷಯ. ಶ್ರವಣಬೆಳಗೊಳಕ್ಕೆ ಹೋಗೋಣ ಎಂದು ತುಂಬಾ ಮಕ್ಕಳು ಕೇಳಿದ್ದರು. ಬೆಟ್ಟಕ್ಕೆ 600ಕ್ಕೂ ಹೆಚ್ಚು ಮೆಟ್ಟಿಲು. ಕೆಲವರು ಮೇಲೆ ಹೋಗಿ ಕೆಲವರು ಬಸ್ಸಲ್ಲಿ ಕೂತು ಕಾಯುವ ಪ್ರವಾಸ ಈ ವರ್ಷ ಬೇಡ ಎಂದು ತೀರ್ಮಾನಿಸಿದ್ದೇನೆ. ಬೇಜಾರಾದವರು ನನ್ನನ್ನೇ ಬೈಯಿರಿ, ಮಕ್ಕಳ ಮುಂದೆ ಬೇರೆ ಯಾರ ಹೆಸರೂ ಎತ್ತಬೇಡಿ. ಮೈಸೂರು ಮೃಗಾಲಯಕ್ಕೆ ಹೋಗುತ್ತೇವೆ, ಅಲ್ಲಿ ಬ್ಯಾಟರಿ ಗಾಡಿಯೂ ಇದೆ. ಮಂಗಳವಾರ ಅಲ್ಲಿ ರಜೆ, ಹಾಗಾಗಿ ಬುಧವಾರ ಹೊರಡುವುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ತರಗತಿ ಶಿಕ್ಷಕರಿಗೆ ಕೊಡಿ. ಬಸ್ಸಿನ ಮೆಟ್ಟಿಲು ಎತ್ತರ ಇರುತ್ತೆ. ಹತ್ತಿಸಿ ಇಳಿಸಲು ತೋಳು ಗಟ್ಟಿ ಇರುವ ಇಬ್ಬರು ಪೋಷಕರು ಬೇಕು. ಅವರ ಖರ್ಚು ಶಾಲೆಯದು, ಬುತ್ತಿ ಮಾತ್ರ ಮನೆಯಿಂದ ತನ್ನಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ