ಫಿಟ್ಸ್ ಬಂದಾಗ ಬೀಗದ ಕೈ ಹುಡುಕಬೇಡಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ನಮ್ಮ ಪಾರ್ಕ್‌ನಲ್ಲಿ ಒಬ್ಬರಿಗೆ ಫಿಟ್ಸ್ ಬಂತಲ್ವಾ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಒಬ್ಬರು ಅವರ ಕೈಗೆ ಕೀ ಗೊಂಚಲು ತುರುಕಿದರು. ಇನ್ನೊಬ್ಬರು ಈರುಳ್ಳಿ ತರಲು ಓಡಿದರು. ನಾನೂ ಬಾಯಿಗೆ ಚಮಚ ಇಡಲು ಹೋದವನೇ, ಸುಳ್ಳು ಯಾಕೆ ಹೇಳಲಿ!

ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುವುದಿಲ್ಲ. ಜಾಸ್ತಿ ಸಲ ಅದು ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಹೆಸರು ಮಾತ್ರ ಕೀಗೆ. ಬಾಯಿಗೆ ಏನನ್ನೂ ತುರುಕಬೇಡಿ, ಹಲ್ಲು ಮುರಿಯಬಹುದು. ನಾಲಿಗೆ ನುಂಗಿಬಿಡುತ್ತಾರೆ ಅನ್ನುವುದೂ ಸುಳ್ಳು. ಕೈಕಾಲು ಅದುಮಿ ಹಿಡಿಯಬೇಡಿ. ಸುತ್ತಲಿನ ಕಲ್ಲು, ಕುರ್ಚಿ ಸರಿಸಿ, ತಲೆ ಕೆಳಗೆ ಮಡಚಿದ ಟವೆಲ್ ಇಡಿ, ಕಾಲರ್ ಗುಂಡಿ ಬಿಚ್ಚಿ. ಅದುರುವುದು ನಿಂತ ಕೂಡಲೇ ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹೋಗಲಿ. ಪೂರ್ತಿ ಎಚ್ಚರವಾಗುವ ತನಕ ನೀರು ಬೇಡ.

ಮುಖ್ಯವಾಗಿ ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಪೆಟ್ಟಾಗಿದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ಇದೇ ಮೊದಲ ಸಲ ಅಂತಾದರೆ 108ಕ್ಕೆ ಫೋನ್ ಮಾಡಿ.

ಯಾರೋ ವಿಡಿಯೋ ಮಾಡಿ ಈ ಗ್ರೂಪ್‌ಗೇ ಹಾಕಿದ್ದೀರಿ. ದಯವಿಟ್ಟು ಅಳಿಸಿ. ಡಾಕ್ಟರಿಗೆ ತೋರಿಸಲು ಅದು ಉಪಯೋಗಕ್ಕೆ ಬರುತ್ತದೆ ನಿಜ, ಅವರ ಮನೆಯವರಿಗೆ ಮಾತ್ರ ಕಳಿಸಿ. ಅದರ ಕೆಳಗೆ "ಪಾಪ, ಇನ್ನು ಮದುವೆ ಹೇಗೆ" ಅಂತ ಬರೆದವರಿಗೆ: ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗವನ್ನು ಮದುವೆಗೆ ಅಡ್ಡಿ ಅಂತ ಬರೆದಿದ್ದದ್ದನ್ನು 1999ರಲ್ಲೇ ತೆಗೆದುಹಾಕಿದ್ದಾರೆ.

ಅವರು ಈಗ ಆರಾಮಾಗಿದ್ದಾರೆ. ನಾಳೆ ವಾಕಿಂಗ್‌ಗೆ ಬಂದರೆ ಸುಮ್ನೆ ಎಂದಿನಂತೆ ಮಾತಾಡಿಸಿ.