ಮೀನಖಂಡ, ದವಡೆ ಮತ್ತು ಇನ್ನೂರು ಕುರ್ಚಿ

ನಮ್ಮ ಕನ್ನಡ ಬಳಗದ ಪತ್ರಿಕೆಯ ಈ ಸಂಚಿಕೆ ಹದಿನೈದು ದಿನ ತಡ. ಕಾರಣ ಕೇಳಬೇಡಿ. ರಾತ್ರಿ ಹನ್ನೊಂದೂವರೆ ಆಗಿದೆ, ಬೆಳಿಗ್ಗೆಯೊಳಗೆ ನಿಮ್ಮೆಲ್ಲರಿಗೂ ತಲುಪಬೇಕು. ಗಣೇಶನ ಬಗ್ಗೆ ಬರೆಯೋಣ ಅಂತ ಕೂತರೆ ಮಗ ಆಡಿದ ಮಾತೇ ತಲೆಯಲ್ಲಿ ಸುತ್ತುತ್ತಿದೆ.

2025ರ ಜೂನ್ 22ರ ರಾತ್ರಿ ನೀವೂ ಟಿವಿ ಮುಂದೆ ಇದ್ದಿರಿ, ಗೊತ್ತು. ನಮ್ಮ ಇಂಡಿಯಾನಾದ ಬ್ಯಾಸ್ಕೆಟ್‌ಬಾಲ್ ತಂಡ ಪೇಸರ್ಸ್ ಒಮ್ಮೆಯೂ ಗೆಲ್ಲದ ಎನ್‌ಬಿಎ ಚಾಂಪಿಯನ್‌ಷಿಪ್‌ಗೆ ಒಂದೇ ಪಂದ್ಯ ಬಾಕಿ, ಫೈನಲ್ಸ್‌ನ ಏಳನೆಯದು. ತಂಡದ ತಾರೆ ಹ್ಯಾಲಿಬರ್ಟನ್‌ಗೆ ಐದನೇ ಪಂದ್ಯದಲ್ಲೇ ಬಲಗಾಲಿನ ಮೀನಖಂಡ ಹಿಡಿದುಕೊಂಡಿತ್ತು. ಆದರೂ ಆರನೆಯದು ಆಡಿದ, ತಂಡ ಗೆದ್ದಿತು. ಏಳನೆಯದರಲ್ಲಿ ಏಳೇ ನಿಮಿಷದಲ್ಲಿ ಮೂರು ತ್ರೀ ಪಾಯಿಂಟರ್. ಆಮೇಲೆ ಮುಂದೆ ನುಗ್ಗಲು ಕಾಲು ಊರಿದ, ಬಿದ್ದ, ಅಂಗೈಯಿಂದ ನೆಲ ಬಡಿದ. ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಕಿತ್ತುಹೋಗಿತ್ತು. ಸ್ಕೋರು 103-91, ಕಪ್ ಒಕ್ಲಹೋಮಾಗೆ.

ಮಗ ಅತ್ತ. ಸಮಾಧಾನಕ್ಕೆ ಅಂತ ಕುಂಬ್ಳೆಯ ಆಂಟಿಗಾ ಟೆಸ್ಟ್ ಕಥೆ ಹೇಳಿದೆ. 2002ರ ಮೇ, ನಮ್ಮ ಬೆಂಗಳೂರಿನ ಮನೆ. ರಾತ್ರಿ ತುಂಬಾ ಹೊತ್ತಾದರೂ ಅಪ್ಪ ಟಿವಿ ಆರಿಸಿರಲಿಲ್ಲ. ವೆಸ್ಟ್ ಇಂಡೀಸ್ ವೇಗಿ ಡಿಲನ್ ಎಸೆದ ಚೆಂಡು ಬಡಿದು ಕುಂಬ್ಳೆ ದವಡೆ ಮುರಿದಿತ್ತು. ಹಲ್ಲುನೋವಿಗೆ ಟವೆಲ್ ಕಟ್ಟಿಕೊಂಡ ಅಜ್ಜನ ಹಾಗೆ, ಗಲ್ಲದಿಂದ ನೆತ್ತಿಗೆ ಬ್ಯಾಂಡೇಜ್ ಸುತ್ತಿಕೊಂಡು ಮೈದಾನಕ್ಕಿಳಿದರು. ಅಪ್ಪ ಎದ್ದು ನಿಂತವರು ಹದಿನಾಲ್ಕು ಓವರ್ ಮುಗಿಯೋ ತನಕ ಕೂರಲೇ ಇಲ್ಲ. ಅಮ್ಮ ಮಲಗಿದಲ್ಲಿಂದಲೇ, "ಅವರ ತಾಯಿ ನೋಡ್ತಿದ್ದರೆ ಹೊಟ್ಟೆ ಎಷ್ಟು ಉರಿಯುತ್ತೋ" ಅಂದರು. ಲಾರಾ ಎಲ್‌ಬಿಡಬ್ಲ್ಯೂ ಆದಾಗ ಪಕ್ಕದ ಮನೆಯಿಂದಲೂ ಕೂಗು ಕೇಳಿಸಿತು. ಆ ಟೆಸ್ಟ್ ಡ್ರಾ ಆಯಿತು ಅನ್ನೋದು ಈಗ ಎಷ್ಟು ಜನಕ್ಕೆ ನೆನಪಿದೆ?

ಮಗ ಕಣ್ಣೊರೆಸಿಕೊಂಡು ಕೇಳಿದ: "ಅಪ್ಪ, ಅವರು ದವಡೇಲಿ ಬೌಲಿಂಗ್ ಮಾಡ್ತಾರಾ?"

ನಕ್ಕುಬಿಟ್ಟೆ. ಆದರೆ ಹುಡುಗ ಹೇಳಿದ್ದು ಸರಿ ಅಲ್ವಾ? ಮೀನಖಂಡವನ್ನು ಹಿಮ್ಮಡಿಗೆ ಬಿಗಿದಿರೋದೇ ಆ ಅಕಿಲಿಸ್. 2019ರಲ್ಲಿ ಇನ್ನೊಬ್ಬ ಎನ್‌ಬಿಎ ತಾರೆ ಡ್ಯುರಾಂಟ್‌ಗೂ ಹೀಗೇ ಆಯ್ತು. ಮೀನಖಂಡದ ನೋವಿಗೆ ಒಂದು ತಿಂಗಳು ಕೂತು, ಫೈನಲ್ಸ್‌ನ ಐದನೇ ಪಂದ್ಯಕ್ಕೆ ಬಂದ. ಹನ್ನೆರಡು ನಿಮಿಷ ಆಡಿದ, ಅಷ್ಟೇ. ಹ್ಯಾಲಿಬರ್ಟನ್ 2025-26ರ ಸೀಸನ್ ಪೂರ್ತಿ ಆಡೋದಿಲ್ಲ. ಅವನ ಜೊತೆಗಾರ ಟರ್ನರ್ ಬೇರೆ ಮಿಲ್ವಾಕಿ ತಂಡಕ್ಕೆ ಹೋದ. ಕಪ್ಪಿನ ಮಾತು ಸದ್ಯಕ್ಕೆ ಬೇಡ.

ಜಾಗ ಮುಗಿಯಿತು, ಬೇಗ ಬೇಗ ಸೂಚನೆಗಳು. ಗಣೇಶನ ಹಬ್ಬ ಆಗಸ್ಟ್ 27ರ ಬುಧವಾರ, ನಾವು ಮಾಡೋದು 30ರ ಶನಿವಾರ, ಎಂದಿನ ಹಾಲ್‌ನಲ್ಲೇ. ಮೊಸರನ್ನಕ್ಕೆ ಹನ್ನೊಂದು ಜನ ಹೆಸರು ಕೊಟ್ಟಿದ್ದೀರಿ, ಪುಳಿಯೋಗರೆಗೆ ಒಬ್ಬರೂ ಇಲ್ಲ, ದಯವಿಟ್ಟು ನೋಡಿ. ಮಕ್ಕಳ ಕನ್ನಡ ತರಗತಿ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಕಳೆದ ಮೇಲೆ ಶುರು. ರಾಜ್ಯೋತ್ಸವದ ನಾಟಕಕ್ಕೆ ಒಬ್ಬ ರಾಕ್ಷಸ ಬೇಕು, ಸ್ವಂತ ಮೀಸೆ ಇದ್ದರೆ ಒಳ್ಳೇದು.

ಇನ್ನೊಂದು. ಇನ್ನೂರು ಮಡಚುವ ಕುರ್ಚಿಗಳಿವೆ. ಯುಗಾದಿಗೆ ಅವನ್ನು ಎತ್ತಿದಾಗ ಹಿಡಿದ ಸೊಂಟ ಇನ್ನೂ ಬಿಟ್ಟಿಲ್ಲ. ಮೊನ್ನೆ ಸಮಿತಿ ಕಾಲ್‌ನಲ್ಲಿ "ಪರವಾಗಿಲ್ಲ, ನಾನೇ ಹಾಕ್ತೀನಿ" ಅಂದುಬಿಟ್ಟೆ. ಪಕ್ಕದಲ್ಲೇ ಕೂತಿದ್ದ ಮಗ ಏನೂ ಹೇಳಲಿಲ್ಲ, ನನ್ನ ಸೊಂಟದ ಬೆಲ್ಟನ್ನೇ ನೋಡಿದ. ಶನಿವಾರ ಬೆಳಿಗ್ಗೆ ಎಂಟಕ್ಕೆ ಯಾರಾದರೂ ನಾಲ್ಕು ಜನ ಬನ್ನಿ. ಕಾಫಿ ನನ್ನದು.