ಹಲ್ಲುದುರಿದ ಕನಸಿನ ಬಗ್ಗೆ ಪುಟ್ಟಿಗೊಂದು ಕಾಗದ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಕನಸನ್ನು ಚೆನ್ನಾಗಿ ಬರೆದಿದ್ದೀಯ. ಅಜ್ಜಿಮನೆಯ ಪಡಸಾಲೆಯಲ್ಲಿ ಯಾರದೋ ಗೃಹಪ್ರವೇಶದ ಊಟ. ಹೈಸ್ಕೂಲಿನ ಯೂನಿಫಾರ್ಮಿನಲ್ಲೇ ನೀನು ಪಂಕ್ತಿಗೆ ಪಾಯಸ ಬಡಿಸುತ್ತಿದ್ದೀಯ. ಹಲ್ಲುಗಳು ಒಂದೊಂದಾಗಿ ಅಂಗೈಗೆ ಉದುರುತ್ತವೆ, ರಕ್ತವೂ ಇಲ್ಲ, ನೋವೂ ಇಲ್ಲ. ಮುಷ್ಟಿ ಬಿಗಿಹಿಡಿದು, ತುಟಿ ಬಿಚ್ಚದೆ ಬಡಿಸುವುದನ್ನು ಮುಂದುವರಿಸುತ್ತೀಯ. ಬೆಳಗಿನ ಜಾವದ ಕನಸು ಬೇರೆ, ಮನೆಯಲ್ಲಿ ಯಾರಿಗೋ ಕಂಟಕ ಅಂತ ಅಜ್ಜಿ ಹೆದರಿಸಿದ್ದಾರೆ.

ಮೊದಲು ಆ ಹೆದರಿಕೆಯನ್ನು ಮುಗಿಸೋಣ. ಬಾಯಿ ಎಂದರೆ ಮನೆ, ಹಲ್ಲುಗಳು ಮನೆಮಂದಿ, ಬಲಗಡೆಯವು ಗಂಡಸರು, ಎಡಗಡೆಯವು ಹೆಂಗಸರು ಅಂತ ಎರಡನೇ ಶತಮಾನದಲ್ಲೇ ಗ್ರೀಕರ ಆರ್ಟೆಮಿಡೋರಸ್ ಬರೆದಿಟ್ಟಿದ್ದ. ನಂಬಿಕೆ ಹಳೆಯದು, ನಮ್ಮೂರಿನದ್ದು ಮಾತ್ರವಲ್ಲ. ಆದರೆ ಹಳೆಯದೆಂದ ಮಾತ್ರಕ್ಕೆ ನಿಜವಾಗುವುದಿಲ್ಲ. ಜಾವದ ಕನಸಿಗೆ ತೂಕ ಬಂದದ್ದಕ್ಕೂ ಕಾರಣವಿದೆ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವುದು ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಚುರುಕಾಗಿ ಓಡಾಡುವ ಹಂತದಲ್ಲಿ. ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ವರದಿ ಮಾಡಿದ್ದು ಇದನ್ನೇ. ರಾತ್ರಿಯ ಮೊದಲ ಸುತ್ತಿನಲ್ಲಿ ಈ ಹಂತ ಕೆಲವೇ ನಿಮಿಷ, ಬೆಳಗಾಗುತ್ತಾ ಉದ್ದವಾಗುತ್ತದೆ. ಆ ಹೊತ್ತಿಗೇ ಎಚ್ಚರವಾದರೆ ಕನಸು ಹಸಿಯಾಗಿಯೇ ಕೈಗೆ ಸಿಗುತ್ತದೆ. ನೆನಪಿನಲ್ಲಿ ಉಳಿದದ್ದಕ್ಕೆ ನಾವು ಭವಿಷ್ಯದ ಪಟ್ಟ ಕಟ್ಟುತ್ತೇವೆ, ಅಷ್ಟೇ.

ಅಜ್ಜಿಗೆ ಶಾಸ್ತ್ರವೇ ಬೇಕಿದ್ದರೆ ಚರಕನ ಮಾತು ಹೇಳು. ಆಯುರ್ವೇದದ ಚರಕಸಂಹಿತೆಯಲ್ಲಿ ಇಂದ್ರಿಯಸ್ಥಾನ ಅನ್ನುವ ಭಾಗವಿದೆ, ಅದರಲ್ಲಿ ಕನಸುಗಳು ಏಳು ಬಗೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ಸೂಚಿಸುವುದು, ದೇಹದ ದೋಷದಿಂದ ಬಂದದ್ದು. ಇವುಗಳಲ್ಲಿ ಮೊದಲ ಐದಕ್ಕೆ ಫಲವಿಲ್ಲವೆಂದು ವೈದ್ಯ ತಿಳಿಯಬೇಕು ಅನ್ನುತ್ತಾನೆ. ನಿನ್ನ ಕನಸಿನಲ್ಲಿ ಕಂಡದ್ದು, ಕಲ್ಪಿಸಿಕೊಂಡದ್ದು ಧಾರಾಳವಾಗಿವೆ. ಏಳನೆಯದರ ಸಾಧ್ಯತೆಯೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಶ್ರವಣಬೆಳಗೊಳದ ಚಂದ್ರಗುಪ್ತನ ಹದಿನಾರು ಕನಸುಗಳ ಕಥೆಯನ್ನು ಅಜ್ಜಿ ಎತ್ತದೆ ಬಿಡುವುದಿಲ್ಲ. ಹನ್ನೆರಡು ಹೆಡೆಯ ಹಾವು ಕಂಡರೆ ಹನ್ನೆರಡು ವರ್ಷದ ಬರ ಅಂತ ಅವನ ಗುರು, ಜೈನಮುನಿ ಭದ್ರಬಾಹು ಫಲ ಹೇಳಿದ್ದು ಅಲ್ಲಿಗೆ ಸರಿ. ಅದು ಕಥೆ ನಡೆಸುವ ಕನಸು, ಪ್ರತಿ ಚಿತ್ರಕ್ಕೂ ಅರ್ಥ ಮೊದಲೇ ಗೊತ್ತುಮಾಡಿ ಇಟ್ಟದ್ದು. ನಿನ್ನ ನಿದ್ದೆಗೆ ಅಂಥ ಯಾವ ಕವಿಯೂ ಇಲ್ಲ.

ಈಗ ಮುಖ್ಯ ಮಾತು. ಹಲ್ಲಿನ ಅರ್ಥ ಹುಡುಕುವ ಮೊದಲು ಆ ಕನಸಿನಲ್ಲಿ ನಿನಗೆ ಏನನಿಸಿತು ಅನ್ನುವುದನ್ನು ಹಿಡಿ. ಕಾಗದದಲ್ಲಿ ಹಲ್ಲಿಗೆ ಎಂಟು ಸಾಲು ಕೊಟ್ಟಿದ್ದೀಯ, ಮನಸ್ಸಿಗೆ ಕೊಟ್ಟದ್ದು ಒಂದೇ: ‘ಭಯ ಆಗ್ಲಿಲ್ಲ, ಯಾರಾದ್ರೂ ನೋಡಿಬಿಟ್ರೆ ಅಂತ ನಾಚಿಕೆ ಆಯ್ತು.’ ಬೀಗದ ಕೈ ಆ ಸಾಲಿನಲ್ಲಿದೆ. ಸಾವಿನ ಸೂಚನೆ ಕಂಡವಳಿಗೆ ನಾಚಿಕೆ ಯಾಕಾಗಬೇಕು? ಕನಸಿನ ಚಿತ್ರಗಳು ಎಲ್ಲಿಂದಲೋ ತಂದು ಹೊಲಿದವು, ಆದರೆ ಭಾವ ಸಾಮಾನ್ಯವಾಗಿ ಹಗಲಿನದ್ದೇ. ಆದ್ದರಿಂದ ಕೇಳಿಕೊಳ್ಳಬೇಕಾದದ್ದು: ಕಳೆದ ಏಳೆಂಟು ದಿನಗಳಲ್ಲಿ ಇದೇ ನಾಚಿಕೆ, ಇದೇ ತುಟಿ ಬಿಗಿಯುವಿಕೆ ಎಲ್ಲಿ ಬಂತು? ನಿನ್ನೆಯೊಂದನ್ನೇ ನೋಡಬೇಡ, ಐದಾರು ದಿನದ ಹಿಂದಿನ ಸಂಗತಿಯೂ ಕನಸಿಗೆ ಬಂದು ಸೇರುವುದುಂಟು. ಹೊಸ ಕಚೇರಿಯ ಮೀಟಿಂಗಿನಲ್ಲಿ ತಪ್ಪು ಕಣ್ಣಿಗೆ ಬಿದ್ದರೂ ಬಾಯಿ ಬಿಡುವುದಿಲ್ಲ ಅಂತ ಎರಡನೇ ಪುಟದಲ್ಲಿ ನೀನೇ ಬರೆದಿದ್ದೀಯ. ಎರಡಕ್ಕೂ ಸಂಬಂಧವಿದೆ ಅಂತ ನಾನು ತೀರ್ಪು ಕೊಡುವುದಿಲ್ಲ. ಓದುವಾಗ ಎದೆ ಝಲ್ಲೆಂದರೆ ಇದೆ, ಇಲ್ಲವಾದರೆ ಬಿಟ್ಟುಬಿಡು.

ಆಮೇಲೆ ವಸ್ತುಗಳಿಗೆ ಬಾ. ಪಾಯಸ, ಯೂನಿಫಾರ್ಮು, ಪಂಕ್ತಿ, ಮುಷ್ಟಿ, ಒಂದೊಂದನ್ನೂ ಅದನ್ನು ಕಂಡೇ ಇಲ್ಲದವರಿಗೆ ವಿವರಿಸಿದಂತೆ ಎರಡು ಸಾಲು ಬರೆ. ‘ಯೂನಿಫಾರ್ಮು ಅಂದ್ರೆ ಎದ್ದು ನಿಲ್ಲು ಅಂದಾಗ ನಿಲ್ಲೋದು’ ಅಂತ ಬಂದರೆ ಒಂದು ದಾರಿ, ‘ಗೆಳತಿಯರ ಗುಂಪು’ ಅಂತ ಬಂದರೆ ಬೇರೆ ದಾರಿ. ಇದನ್ನು ಯಾವ ಸ್ವಪ್ನಫಲದ ಪುಸ್ತಕವೂ ಹೇಳಲಾರದು, ಯಾಕೆಂದರೆ ಆ ಬಟ್ಟೆ ತೊಟ್ಟವಳು ನೀನು. ಬಡಿಸುವುದನ್ನು ನಿಲ್ಲಿಸಲಿಲ್ಲ ಅನ್ನುವುದನ್ನೂ ಮರೆಯಬೇಡ. ಕನಸಿನಲ್ಲಿ ಏನಾಯಿತು ಅನ್ನುವುದಕ್ಕಿಂತ ಆಗ ನೀನೇನು ಮಾಡಿದೆ ಅನ್ನುವುದು ನನಗೆ ಹೆಚ್ಚು ಮುಖ್ಯ.

ಮುಂದಿನ ಕನಸು ಬಿದ್ದಾಗ ಕಣ್ಣು ತೆರೆಯಬೇಡ, ಮಗ್ಗುಲು ಬದಲಿಸಬೇಡ, ಮೊಬೈಲಂತೂ ಬೇಡವೇ ಬೇಡ. ಕೊನೆಯ ದೃಶ್ಯ ಹಿಡಿದು ಹಿಂದಕ್ಕೆ ಹೋಗು. ನೆನಪಾದಷ್ಟನ್ನು ‘ಬಡಿಸುತ್ತಿದ್ದೇನೆ’ ಅನ್ನುವ ಹಾಗೆ ವರ್ತಮಾನದಲ್ಲೇ ಬರೆ, ಕೊನೆಗೆ ಭಾವದ ಹೆಸರು, ಅದಕ್ಕೆ ಹತ್ತರಲ್ಲಿ ಎಷ್ಟು ಅಂತ ಒಂದು ಅಂಕಿ. ಬರೆಯುವ ಮೊದಲು ಯಾರಿಗೂ ಹೇಳಬೇಡ. ಹೇಳುವಾಗ ಕೇಳುವವರಿಗೆ ತಿಳಿಯಲೆಂದು ನಡುವಿನ ಬಿರುಕುಗಳಿಗೆ ನಾವೇ ಗಾರೆ ಮೆತ್ತುತ್ತೇವೆ, ಮರುದಿನ ಆ ಗಾರೆಯೇ ಕನಸಾಗಿಬಿಟ್ಟಿರುತ್ತದೆ. ಕನಸಿನಲ್ಲಿ ಯಾರೋ ಮೋಸ ಮಾಡಿದರು ಅಂತ ಎಚ್ಚರದಲ್ಲಿ ಅವರ ಮೇಲೆ ಸಂಶಯ ಪಡುವುದೂ ಬೇಡ, ಎಷ್ಟೋ ಮನೆಗಳಲ್ಲಿ ಜಗಳ ಹುಟ್ಟಿದ್ದು ಹೀಗೇ. ಒಂದೇ ಕನಸಿನಿಂದ ಏನನ್ನೂ ನಿರ್ಧರಿಸಬೇಡ. ತಿಂಗಳ ಟಿಪ್ಪಣಿ ಒಟ್ಟಿಗೆ ಓದಿದಾಗ ಮರುಕಳಿಸಿದ ಭಾವ ತಾನಾಗಿ ಎದ್ದು ಕಾಣುತ್ತದೆ.

ಇದೇ ಕನಸು ಮತ್ತೆಮತ್ತೆ ಬಿದ್ದು ನಿದ್ದೆಗೆಡಿಸಿದರೆ ಹಗಲು ಹೊತ್ತು ಅದರ ಕಥೆಯನ್ನು ನಿನಗೆ ಬೇಕಾದಂತೆ ತಿದ್ದಿ ಬರೆ. ಮುಷ್ಟಿ ಬಿಚ್ಚಿ ‘ನನ್ನ ಹಲ್ಲು ಬಿತ್ತು, ಸ್ವಲ್ಪ ನೀರು ಕೊಡಿ’ ಅಂದಂತೆ ಬರೆದರೂ ಸರಿ. ತಿದ್ದಿದ್ದನ್ನು ದಿನಕ್ಕೆ ಹತ್ತಿಪ್ಪತ್ತು ನಿಮಿಷ ಕಣ್ಣುಮುಚ್ಚಿ ನೋಡು, ಎರಡು ಮೂರು ವಾರ. ದುಃಸ್ವಪ್ನಕ್ಕೆ ಮನೋವೈದ್ಯರೂ ಬಳಸುವ ವಿಧಾನವಿದು. ವಾರವಾರವೂ ಬೆಚ್ಚಿಬೀಳುವಂತಾದರೆ, ನಿದ್ದೆಯಲ್ಲೇ ಕೈಕಾಲು ಬಡಿಯುವಂತಾದರೆ ಮಾತ್ರ ನೇರ ವೈದ್ಯರ ಬಳಿ ಹೋಗು. ಖಿನ್ನತೆಯ, ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಕನಸು ಕೆರಳುತ್ತದೆ. ಅಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ ನೀನಾಗಿ ನಿಲ್ಲಿಸಬೇಡ, ಅವರನ್ನೇ ಕೇಳು.

ಏಳನೆಯ ಬಗೆ ಅಂದೆನಲ್ಲ. ಹಲ್ಲುದುರುವ ಕನಸಿನ ಬಗ್ಗೆ ಇಸ್ರೇಲಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಕನಸಿಗೆ ನಂಟು ಕಂಡದ್ದು ಮನಸ್ಸಿನ ಬೇಗೆಯ ಜೊತೆಗಲ್ಲ, ಬೆಳಿಗ್ಗೆ ಎದ್ದಾಗ ಹಲ್ಲು, ಒಸಡು, ದವಡೆ ಬಿಗಿದು ನೋಯುವುದರ ಜೊತೆಗೆ. ಹಾಗಾಗಿ ನಾಚಿಕೆ ಕಚೇರಿಯದ್ದು, ಹಲ್ಲು ಬರೀ ಹಲ್ಲೇ ಇರಬಹುದು. ಒಂದು ವಾರ ಎದ್ದ ಕೂಡಲೇ ಕಿವಿಯ ಮುಂದಿನ ದವಡೆಯ ಕೀಲನ್ನು ಬೆರಳಿನಿಂದ ಒತ್ತಿ ನೋಡು. ನೋವಿದ್ದರೆ, ಅಥವಾ ನಿದ್ದೆಯಲ್ಲಿ ಹಲ್ಲು ಕಡಿಯುತ್ತೀಯ ಅಂತ ರೂಮಿನವಳು ಹೇಳಿದರೆ, ದಂತವೈದ್ಯರಿಗೆ ತೋರಿಸು. ರಾತ್ರಿ ಹಾಕಿಕೊಳ್ಳುವ ಕವಚ ಬೇಕೋ ಬೇಡವೋ ಅವರೇ ನೋಡಿ ಹೇಳುತ್ತಾರೆ.

ಅಜ್ಜಿ ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತೇನೆ ಅಂದರೆ ಹಚ್ಚಲಿ, ಅವರ ಜೀವಕ್ಕೂ ಸಮಾಧಾನ. ಸಾವಿರಗಟ್ಟಲೆಯ ಶಾಂತಿಹೋಮ ಅಂತ ಹೊರಟರೆ ನನಗೆ ಫೋನು ಮಾಡಲು ಹೇಳು.

ಇಂತಿ ನಿನ್ನ
ದೊಡ್ಡಮ್ಮ